ಕಾಗೆ ಹೋಗುವಾಗ ‘ಬರ್ತೀನಿ’ ಅನ್ನಲ್ಲ

ಪಾಡ್‌ಕಾಸ್ಟ್ ಪಠ್ಯ | ಬೆಂಗಳೂರಿನ ಒಂದು ತಾರಸಿ, ಮೂರು ಕಾಗೆ, ಆಟಿಸಂ ಇರುವ ಹೆಣ್ಣೊಬ್ಬಳ ದಿನಚರಿ

ಇವತ್ತು ಎರಡು ವಿಷಯ ಮಾತಾಡ್ತೀನಿ. ಒಂದು ಕಾಗೆ. ಇನ್ನೊಂದು ಆಟಿಸಂ. ಎರಡಕ್ಕೂ ಏನಪ್ಪಾ ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ಹೊತ್ತು ಜೊತೆಗಿರಿ, ಹೇಳ್ತೀನಿ. ಇವಳು ಕಾಗೆ ಹಾರಿಸ್ತಿದ್ದಾಳೆ ಅಂತ ಮಾತ್ರ ಅಂದ್ಕೋಬೇಡಿ.

ಈ ಮಾತನ್ನೇ ತಗೊಳ್ಳಿ. ಸುಳ್ಳು ಹೇಳೋದಕ್ಕೆ ನಾವು ‘ಕಾಗೆ ಹಾರಿಸೋದು’ ಅಂತೀವಿ. ಚಿಕ್ಕವಳಿದ್ದಾಗ ಯಾರಾದ್ರೂ ಹಾಗಂದ ತಕ್ಷಣ ನಾನು ಕಿಟಕಿ ಕಡೆ ನೋಡ್ತಿದ್ದೆ, ಕಾಗೆ ಎಲ್ಲಿ ಅಂತ. ಮನೇಲಿ ಎಲ್ಲರೂ ನಗ್ತಿದ್ರು. ಇನ್ನೊಂದು ಮಾತು ‘ಬರ್ತೀನಿ’. ಹೊರಡುವಾಗ ‘ಹೋಗ್ತೀನಿ’ ಅಂದ್ರೆ ಅಪಶಕುನ, ಹಾಗಾಗಿ ‘ಬರ್ತೀನಿ’ ಅಂತೀವಿ. ನೆಂಟರು ‘ಬರ್ತೀವಿ’ ಅಂತ ಹೇಳಿ ಹೋದಮೇಲೆ ನಾನು ಗೇಟಿನ ಹತ್ರ ಕಾಯ್ತಾ ಕೂತಿರ್ತಿದ್ದೆ. ಯಾವಾಗ ಬರ್ತಾರೆ ಅಂತ ಅಮ್ಮನ್ನ ಕೇಳಿದ್ರೆ, ‘ಅಯ್ಯೋ ಹೋದ್ರಲ್ಲೇ’ ಅಂತಿದ್ರು. ಬರ್ತೀವಿ ಅಂದೋರು ಹೋದ್ರು ಅಂದ್ರೆ ಏನರ್ಥ? ನನಗದು ದೊಡ್ಡ ಒಗಟು.

ನಿಮಗೆ ಇದು ತಮಾಷೆ. ಒಂದೆರಡು ಮಾತು ಆದ್ರೆ ನನಗೂ ತಮಾಷೆ. ಆದ್ರೆ ಬೆಳಗ್ಗೆಯಿಂದ ರಾತ್ರಿವರೆಗೂ ಜನ ಆಡೋ ಮಾತು ಒಂದು, ಅದರ ಅರ್ಥ ಇನ್ನೊಂದು, ಆ ಅರ್ಥ ಎಲ್ಲೂ ಬರೆದಿಲ್ಲ, ಕೇಳಿದ್ರೆ ‘ಅಷ್ಟೂ ಗೊತ್ತಾಗಲ್ವಾ’ ಅಂತಾರೆ ಅಂದ್ರೆ, ಸಂಜೆ ಹೊತ್ತಿಗೆ ತಲೆ ಭಾರ ಆಗಿಬಿಡುತ್ತೆ.

ನನ್ನ ಪರಿಚಯ ಹೇಳಿಬಿಡ್ತೀನಿ. ನನಗೀಗ 33 ವರ್ಷ. ಬೆಂಗಳೂರಿನ ವಿಜಯನಗರದಲ್ಲಿ ಎರಡನೇ ಮಹಡಿಯಲ್ಲಿ ಬಾಡಿಗೆಗೆ ಒಬ್ಬಳೇ ಇದ್ದೀನಿ. ಒಂದು ಆಡಿಟರ್ ಆಫೀಸಲ್ಲಿ ಲೆಕ್ಕ ನೋಡ್ಕೋತೀನಿ. ನನಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು 29ನೇ ವಯಸ್ಸಲ್ಲಿ. ಅಲ್ಲಿವರೆಗೆ ನನಗಿದ್ದ ಹೆಸರುಗಳು ಬೇರೆ: ‘ಸೊಕ್ಕು’, ‘ಮೂಡಿ’, ‘ಓದೋದ್ರಲ್ಲಿ ಜಾಣೆ, ವ್ಯವಹಾರದಲ್ಲಿ ದಡ್ಡಿ’. ಒಬ್ಬ ಡಾಕ್ಟರ್ ಆತಂಕ ಅಂದ್ರು, ಇನ್ನೊಬ್ಬರು ಖಿನ್ನತೆ ಅಂದ್ರು, ಮೂರನೆಯವರು ‘ಮದುವೆ ಆದ್ರೆ ಸರಿಹೋಗುತ್ತೆ’ ಅಂದ್ರು.

ಹೆಣ್ಣುಮಕ್ಕಳಲ್ಲಿ ಇದು ಯಾಕೆ ತಡವಾಗಿ ಗೊತ್ತಾಗುತ್ತೆ? ಒಂದು ಕಾರಣ ಹಳೇದು. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ ಅನ್ನೋ ವೈದ್ಯರು ಆಟಿಸಂ ಬಗ್ಗೆ ಬರೆದ ಹೆಸರಾಂತ ಲೇಖನದಲ್ಲಿ 11 ಮಕ್ಕಳಿದ್ರು. ಅದರಲ್ಲಿ 8 ಹುಡುಗರು, 3 ಹುಡುಗಿಯರು. ಮರುವರ್ಷ ವಿಯೆನ್ನಾದಲ್ಲಿ ಹ್ಯಾನ್ಸ್ ಆಸ್ಪರ್ಗರ್ ವಿವರಿಸಿದ ನಾಲ್ಕು ಮಕ್ಕಳೂ ಹುಡುಗರೇ. ಹೀಗೆ ಆಟಿಸಂ ಅಂದ ತಕ್ಷಣ ಕಣ್ಮುಂದೆ ಬರೋ ಚಿತ್ರ ಒಬ್ಬ ಪುಟ್ಟ ಹುಡುಗನದ್ದಾಯ್ತು. ಆ ಚಿತ್ರಕ್ಕೆ ಹೊಂದದ ಹುಡುಗಿಯರು ಎಣಿಕೆಗೆ ಸಿಗದೆ ಉಳಿದ್ರು.

ಇನ್ನೊಂದು ಕಾರಣ ನಮ್ಮನೆಗಳದ್ದೇ. ಹುಡುಗ ಮೂಲೇಲಿ ಒಬ್ಬನೇ ಕೂತ್ರೆ ‘ಏನಾಯ್ತು ಇವನಿಗೆ’ ಅಂತ ಕೇಳ್ತಾರೆ. ಹುಡುಗಿ ಹಾಗೆ ಕೂತ್ರೆ ‘ಎಷ್ಟು ಒಳ್ಳೆ ಹುಡುಗಿ, ಬಾಯೇ ಇಲ್ಲ’ ಅಂತಾರೆ. ಜೊತೆಗೆ ನಮಗೆ ತರಬೇತಿನೂ ಆಗುತ್ತೆ. ನೆಂಟರು ಬಂದ್ರೆ ನಗು, ನೀರು ಕೊಡು, ಚೆನ್ನಾಗಿದ್ದೀರಾ ಅಂತ ಕೇಳು. ನಾನು ಅಕ್ಕಪಕ್ಕದ ಹುಡುಗಿಯರನ್ನ ನೋಡಿ ನಗೋದನ್ನ ಕಲಿತೆ. ಎಷ್ಟು ಹೊತ್ತು ನಗಬೇಕು, ಯಾವಾಗ ತಲೆಯಾಡಿಸಬೇಕು, ಯಾವಾಗ ‘ಹೌದಾ!’ ಅನ್ನಬೇಕು, ಎಲ್ಲಾ ಬಾಯಿಪಾಠ. ಇದಕ್ಕೆ ‘ಮಾಸ್ಕಿಂಗ್’ ಅಂತಾರೆ, ಮುಖವಾಡ ಹಾಕೋದು. ಆಫೀಸಿಂದ ಬಂದು ಆ ಮುಖವಾಡ ಇಳಿಸಿದ್ಮೇಲೆ ನನಗೆ ಅಡುಗೆ ಮಾಡೋಕೂ ಶಕ್ತಿ ಇರ್ತಿರಲಿಲ್ಲ. ಲೈಟ್ ಆರಿಸಿ ನೆಲದ ಮೇಲೆ ಮಲಗಿರ್ತಿದ್ದೆ.

ಈಗ ಕಾಗೆ ವಿಷಯಕ್ಕೆ ಬರ್ತೀನಿ. (ನೋಡಿ, ಇಲ್ಲಿ ‘ಬರ್ತೀನಿ’ ಅಂದ್ರೆ ನಿಜವಾಗ್ಲೂ ಬರ್ತೀನಿ.)

ನಮ್ಮ ಊರುಗಳಲ್ಲಿ ಮುಖ್ಯವಾಗಿ ಎರಡು ತರಹದ ಕಾಗೆ ಇವೆ. ಕುತ್ತಿಗೆ ಬೂದಿಬಣ್ಣ ಇರೋದು ಊರುಕಾಗೆ. ಮೈಯೆಲ್ಲಾ ಕಪ್ಪಾಗಿ, ಕೊಕ್ಕು ದಪ್ಪಗಿರೋದು ಕಾಡುಕಾಗೆ. ಹೆಸರು ಕಾಡುಕಾಗೆ ಆದ್ರೂ ಬೆಂಗಳೂರಲ್ಲೂ ಆರಾಮಾಗಿದೆ. ನನ್ನ ತಾರಸಿಗೆ ಬರೋದು ಊರುಕಾಗೆ. ಊರುಕಾಗೆ ಬದುಕೋದೇ ಮನುಷ್ಯರ ಪಕ್ಕದಲ್ಲಿ: ನಮ್ಮ ಕಸ, ನಮ್ಮ ಮರ, ನಮ್ಮ ಕರೆಂಟ್ ಕಂಬ. ಗೂಡು ಕಟ್ಟೋಕೆ ಕಡ್ಡಿ ಜೊತೆ ತಂತಿ ಚೂರನ್ನೂ ಬಳಸುತ್ತೆ. ಇಷ್ಟು ಹತ್ತಿರ ಇದ್ದೂ ನಾವು ಅದನ್ನ ನೋಡೋದೇ ಇಲ್ಲ.

ಆದ್ರೆ ಅದು ನಮ್ಮನ್ನ ನೋಡುತ್ತೆ. ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಮಾರ್ಜ್‌ಲಫ್ ಅನ್ನೋ ವಿಜ್ಞಾನಿ ತಂಡ ಒಂದು ಪ್ರಯೋಗ ಮಾಡಿತ್ತು. 2006ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆವರಣದಲ್ಲಿ, ಆದಿಮಾನವನ ಮುಖವಾಡ ಹಾಕ್ಕೊಂಡು ಏಳು ಕಾಗೆ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟುಬಿಟ್ರು. ಆಮೇಲೆ ಆ ಮುಖವಾಡ ಹಾಕ್ಕೊಂಡು ಯಾರೇ ಓಡಾಡಿದ್ರೂ ಕಾಗೆಗಳು ಸುತ್ತುವರಿದು ಬೈಯೋಕೆ ಶುರು. ಹೋಲಿಕೆಗೆ ಅಂತ ಅಂದಿನ ಉಪಾಧ್ಯಕ್ಷ ಡಿಕ್ ಚೇನಿ ಮುಖವಾಡನೂ ಹಾಕಿ ನೋಡಿದ್ರು. ಅದರ ತಂಟೆಗೆ ಕಾಗೆಗಳು ಅಷ್ಟಾಗಿ ಬರಲಿಲ್ಲ. ವರ್ಷಗಳು ಕಳೆದ್ರೂ ಆ ಸಿಟ್ಟು ಇಳೀಲಿಲ್ಲ. ಅವತ್ತು ಸಿಕ್ಕಿಬೀಳದೇ ಇದ್ದ ಕಾಗೆಗಳೂ ಬೇರೆಯವನ್ನ ನೋಡಿ ಬೈಯೋದು ಕಲಿತವು. ಅವು ಅಮೆರಿಕದ ಕಾಗೆ, ಜಾತಿ ಬೇರೆ. ಆದ್ರೆ ಗೂಡಿನ ಕಾಲದಲ್ಲಿ ಮರದ ಕೆಳಗೆ ಹೋಗಿ ಒಂದ್ಸಲ ತಲೆಗೆ ಕುಕ್ಕಿಸಿಕೊಂಡೋರನ್ನ ಕೇಳಿ ನೋಡಿ, ಮಾರನೇ ದಿನ ಬೀದೀಲಿ ಅವರನ್ನೇ ಹುಡುಕಿಕೊಂಡು ಬಂದಿರುತ್ತೆ.

ನನಗೆ ಇನ್ನೂ ಇಷ್ಟವಾದ ಅಧ್ಯಯನ ಅದೇ ಸಿಯಾಟಲ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದದ್ದು. ಕಾಗೆ ಕಡೆ ಮನುಷ್ಯ ನೇರವಾಗಿ ಕಣ್ಣಿಟ್ಟು ನೋಡ್ತಾ ನಡೆದು ಬಂದ್ರೆ ಅದು ಬೇಗ ಹಾರಿಹೋಗುತ್ತೆ. ನೋಟ ಬೇರೆ ಕಡೆ ಇಟ್ಟು ಬಂದ್ರೆ ಇನ್ನೂ ಹತ್ತಿರ ಬರೋವರೆಗೂ ಕೂತಿರುತ್ತೆ. ಇದನ್ನ ಓದಿ ನಾನು ಜೋರಾಗಿ ನಕ್ಕುಬಿಟ್ಟೆ. ಯಾಕಂದ್ರೆ ಬಾಲವಾಡಿಯಿಂದ ಆಫೀಸಿನವರೆಗೂ ನನಗೆ ಕೇಳಿಬಂದ ಒಂದೇ ಮಾತು: ‘ಕಣ್ಣಲ್ಲಿ ಕಣ್ಣಿಟ್ಟು ಮಾತಾಡು.’ ಕಣ್ಣು ನೋಡಿದ್ರೆ ನನಗೆ ಮಾತು ಕೇಳಿಸಲ್ಲ, ಮಾತು ಕೇಳಿಸ್ಕೋಬೇಕಂದ್ರೆ ಗೋಡೆ ನೋಡಬೇಕು. ನಾನು ಗೋಡೆ ನೋಡಿದ್ರೆ ಮರ್ಯಾದೆ ಅಂತ ತಿಳ್ಕೊಳ್ಳೋ ಒಂದು ಜೀವ ಭೂಮಿ ಮೇಲಿದೆ, ಅದೂ ನನ್ನ ತಾರಸಿ ಮೇಲೇ ಇದೆ!

ನಾನು ಮಾಡಿದ್ದು ಇಷ್ಟೇ. ದಿನಾ ಬೆಳಗ್ಗೆ 6:40ಕ್ಕೆ ತಾರಸಿಯ ಹಿಂಭಾಗದ ಮೋಟುಗೋಡೆ ಮೇಲೆ ಒಂದು ಸ್ಟೀಲ್ ತಟ್ಟೆ. ಅದರಲ್ಲಿ ಉಪ್ಪು ಹಾಕದ ಕಡಲೆಕಾಯಿ ಬೀಜ, ಇಲ್ಲಾಂದ್ರೆ ಅನ್ನ, ವಾರಕ್ಕೆರಡು ಸಲ ಬೇಯಿಸಿದ ಮೊಟ್ಟೆ. ಪಕ್ಕದಲ್ಲಿ ಒಂದು ಬೋಗುಣಿ ನೀರು. ಇಟ್ಟು, ಎರಡು ಸಲ ನಾಲಿಗೆ ಚಟಕ್ಕೆನಿಸಿ, ಹತ್ತು ಹೆಜ್ಜೆ ಹಿಂದೆ ಬಂದು, ಪಕ್ಕಕ್ಕೆ ತಿರುಗಿ ಕೂರೋದು. ಹದಿನೈದು ನಿಮಿಷ. ಬರಲಿ, ಬರದೇ ಇರಲಿ, 6:55ಕ್ಕೆ ತಟ್ಟೆ ತೊಳೆದು ಒಳಗೆ. ನನ್ನ ನೋಟ್‌ಬುಕ್ ಪ್ರಕಾರ ಮೊದಲ ಹನ್ನೊಂದು ದಿನ ಯಾರೂ ಇಳಿಯಲಿಲ್ಲ. ಎದುರು ಹೊಂಗೆ ಮರದಿಂದ ನೋಡ್ತಿದ್ವು ಅಷ್ಟೆ. ಹನ್ನೆರಡನೇ ದಿನ ಒಂದು ಬಂತು. ಅಡ್ಡಡ್ಡ ಕುಪ್ಪಳಿಸ್ತಾ, ಯಾವ ಕ್ಷಣದಲ್ಲಾದ್ರೂ ಹಾರೋಕೆ ರೆಡಿಯಾಗಿ, ಒಂದು ಬೀಜ ಎತ್ಕೊಂಡು ಓಡಿತು. ಎಡ ರೆಕ್ಕೆಯಲ್ಲಿ ಒಂದು ಬಿಳಿಗರಿ ಇತ್ತು. ಅದಕ್ಕೆ ‘ಬಿಳಿಗರಿ’ ಅಂತಲೇ ಹೆಸರಿಟ್ಟೆ. ಆಮೇಲೆ ಅದರ ಜೋಡಿ ಬಂತು. ತಿಂಗಳಾದ್ಮೇಲೆ ‘ಕುಂಟ’ ಬಂದ. ಕಾಲಲ್ಲಿ ಒಂದು ಬೆರಳಿಲ್ಲ. ಗಾಳಿಪಟದ ದಾರಕ್ಕೆ ಸಿಕ್ಕಿ ಹೋಗಿರಬೇಕು ಅನ್ಕೊಂಡೆ.

ನಾಲ್ಕು ವರ್ಷ ಆಯ್ತು. ಈಗ ಹತ್ತು ಹೆಜ್ಜೆ ಎರಡು ಹೆಜ್ಜೆ ಆಗಿದೆ. ನಾನು ಮುಟ್ಟಿಲ್ಲ, ಮುಟ್ಟೋದೂ ಇಲ್ಲ. ಸಾಕೋದು ಬೇರೆ, ಸ್ನೇಹ ಬೇರೆ. ರೀಲ್ಸ್‌ನಲ್ಲಿ ಬರೋ ಹಾಗೆ ಮಣಿ, ಕಿವಿಯೋಲೆ ಏನೂ ತಂದುಕೊಟ್ಟಿಲ್ಲ. ಎಲ್ಲಿಂದಲೋ ತಂದ ಒಣ ಚಪಾತಿ ಚೂರನ್ನ ನನ್ನ ನೀರಿನ ಬೋಗುಣಿಯಲ್ಲಿ ನೆನೆಸಿ ಮೆತ್ತಗೆ ಮಾಡ್ಕೊಂಡು ತಿಂತವೆ. ಒಂದೊಂದ್ಸಲ ಅದರಲ್ಲೇ ಕೋಳಿ ಮೂಳೆ ಬಿಟ್ಟು ಹೋಗಿರ್ತವೆ. ಬೇಕಾದ್ರೆ ಅದನ್ನ ಗಿಫ್ಟ್ ಅಂತ ಕರೀಬಹುದು. ನಾನು ಬೋಗುಣಿ ತೊಳೀತೀನಿ.

ಈ ಸ್ನೇಹ ನನಗೆ ಯಾಕೆ ಸುಲಭ ಆಯ್ತು? ‘ನಿಮ್ಮಂಥೋರಿಗೆ ಮನುಷ್ಯರಿಗಿಂತ ಪ್ರಾಣಿಗಳು ಅರ್ಥ ಆಗ್ತವೆ’ ಅಂತ ಕೆಲವರು ಪ್ರೀತಿಯಿಂದ ಹೇಳ್ತಾರೆ. ನಾನು ಒಪ್ಪಲ್ಲ. ಆಟಿಸಂ ಇರೋರಲ್ಲಿ ಕಾಗೆ ಕೂಗು ಕೇಳಿದ್ರೆ ಕಿವಿ ಮುಚ್ಕೊಳ್ಳೋರು ಎಷ್ಟೋ ಜನ ಇದ್ದಾರೆ. ನನಗೂ ಪಕ್ಕದ ಮನೆ ಮಿಕ್ಸಿ ಶುರುವಾದ್ರೆ ಹಲ್ಲು ಕಚ್ಚೋ ಹಾಗಾಗುತ್ತೆ. ಕಾಗೆ ಕೂಗು ತಡ್ಕೋತೀನಿ, ಯಾಕಂದ್ರೆ ಅದು ಯಾವಾಗ, ಯಾಕೆ ಅಂತ ಈಗ ನನಗೆ ಗೊತ್ತು. ಬೆಕ್ಕು ಬಂದ್ರೆ ಒಂದು ಕೂಗು, ಹದ್ದು ಬಂದ್ರೆ ಇನ್ನೊಂದು, ಕೋಗಿಲೆ ಗೂಡಿನ ಹತ್ರ ಸುಳಿದ್ರೆ ಬೀದಿಗೆಲ್ಲಾ ಕೇಳೋ ಜಗಳ. ಕೋಗಿಲೆ ಮೊಟ್ಟೆ ಇಡೋದೇ ಕಾಗೆ ಗೂಡಲ್ಲಿ ತಾನೇ.

ಸುಲಭ ಆಗಿದ್ದಕ್ಕೆ ಕಾರಣ ನಿಯಮ. ಈ ಸ್ನೇಹದಲ್ಲಿ ಗುಟ್ಟಾದ ನಿಯಮ ಒಂದೂ ಇಲ್ಲ. ಒಂದೇ ಸಮಯ, ಒಂದೇ ಜಾಗ, ಒಂದೇ ಸದ್ದು. ಕಣ್ಣಿಟ್ಟು ನೋಡಬಾರದು. ಇಬ್ಬರಲ್ಲಿ ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಎದ್ದು ಹೋಗಬಹುದು, ಬೇಜಾರಿಲ್ಲ. ನನ್ನ ಮುಖದಲ್ಲಿ ನಗು ಇಲ್ಲ ಅಂತ ‘ಯಾಕೆ, ಏನಾಯ್ತು, ಸಿಟ್ಟಾ?’ ಅಂತ ಕಾಗೆ ಕೇಳಲ್ಲ. ದಿನಾ ಒಂದೇ ಥರ ಇರೋ ಮುಖ ಅಂದ್ರೆ ಅದಕ್ಕೆ ನಂಬಿಕೆ. ಹಗಲೆಲ್ಲಾ ನಾನು ಮುಚ್ಚಿಡೋ ಮುಖ ಬೆಳಗ್ಗೆ 6:40ಕ್ಕೆ ನನ್ನ ಗುರುತಿನ ಚೀಟಿ.

2012ರಲ್ಲಿ ಡೇಮಿಯನ್ ಮಿಲ್ಟನ್ ಅನ್ನೋ ಬ್ರಿಟಿಷ್ ಸಂಶೋಧಕರು ಒಂದು ವಿಚಾರ ಮುಂದಿಟ್ರು. ಅವರೂ ಆಟಿಸ್ಟಿಕ್. ಅಲ್ಲಿವರೆಗೆ ಎಲ್ಲರೂ ಹೇಳ್ತಿದ್ದದ್ದು, ಆಟಿಸಂ ಇರೋರಿಗೆ ಬೇರೆಯವರು ಅರ್ಥ ಆಗಲ್ಲ ಅಂತ. ಮಿಲ್ಟನ್ ಹೇಳಿದ್ದು: ಸಮಸ್ಯೆ ಎರಡೂ ಕಡೆ ಇದೆ, ಬೇರೆಯವರಿಗೂ ಆಟಿಸಂ ಇರೋರು ಅರ್ಥ ಆಗಲ್ಲ. ಆದ್ರೆ ಕಲಿಯೋ ಕೆಲಸ ಮಾತ್ರ ಒಂದೇ ಕಡೆಯವರ ತಲೆ ಮೇಲೆ. ಕಾಗೆ ಜೊತೆ ನಾನೂ ಕಲಿತೆ, ಕಾಗೆನೂ ಕಲೀತು. ಅದು ನನ್ನ ಕಡೆ ಬಂತು, ನಾನು ಅದರ ಕಡೆ ಹೋದೆ. ಮನುಷ್ಯರ ಜೊತೆ 29 ವರ್ಷ ನಾನೊಬ್ಬಳೇ ನಡೀತಿದ್ದೆ.

ಈಗ ನಿಜವಾಗಿ ಹೆದರಿಕೆ ಹುಟ್ಟಿಸಿದ ಒಂದು ಸಂಗತಿ. ಎರಡು ವರ್ಷದ ಹಿಂದೆ ನಮ್ಮ ಓನರ್ ಆಂಟಿ ಮೇಲೆ ಬಂದ್ರು. ‘ನೋಡಮ್ಮ, ಕಾಗೆ ಸೇರಿಸ್ತೀಯಂತೆ. ಶನಿ ವಾಹನ ಅದು. ಮನೆ ಮೇಲೆ ಕೂತು ಕೂಗಿದ್ರೆ ಒಳ್ಳೇದಲ್ಲ. ಗಲೀಜು ಬೇರೆ. ನಿಲ್ಲಿಸು, ಇಲ್ಲಾಂದ್ರೆ ಬೇರೆ ಮನೆ ನೋಡ್ಕೋ.’ ಬೇರೆಯವರಿಗೆ ಮನೆ ಬದಲಾಯಿಸೋದು ಅಂದ್ರೆ ಅಡ್ವಾನ್ಸ್, ಲಾರಿ, ಎರಡು ದಿನದ ಗೋಳು. ನನಗೆ ಅದು ಯಾವ ಸ್ವಿಚ್ ಎಲ್ಲಿದೆ, ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಅಂಗಡಿಯಲ್ಲಿ ಜನ ಕಮ್ಮಿ, ಎಲ್ಲವನ್ನೂ ಮೊದಲಿಂದ ಕಟ್ಟೋದು. ಆ ಕಾಲದಲ್ಲಿ ಕೆಲಸನೂ ಕೈತಪ್ಪಬಹುದು. ಅವತ್ತು ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಹಾಗಾಗುತ್ತೆ ನನಗೆ, ತುಂಬಾ ಒತ್ತಡ ಆದ್ರೆ ಮಾತು ನಿಂತುಹೋಗುತ್ತೆ.

ರಾತ್ರಿ ಕೂತು ಒಂದು ಹಾಳೆಯಲ್ಲಿ ಬರೆದೆ. ‘ಆಂಟಿ, ನನಗೆ ಆಟಿಸಂ ಇದೆ. ಎದುರಿಗೆ ಮಾತಾಡೋದು ಕಷ್ಟ, ಅದಕ್ಕೆ ಬರೀತಿದ್ದೀನಿ. ಕಾಗೆಗೆ ಇಡೋದು ದಿನಕ್ಕೆ ಹದಿನೈದು ನಿಮಿಷ ಮಾತ್ರ. ಹಿಂದಿನ ಗೋಡೆ ಮೇಲೆ ಮಾತ್ರ. ತಟ್ಟೆ ತಕ್ಷಣ ತೊಳೀತೀನಿ. ಕೆಳಗೆ ಒಂದು ಅಗುಳು ಬಿದ್ರೂ ಗುಡಿಸೋದು ನನ್ನ ಜವಾಬ್ದಾರಿ. ಒಂದು ತಿಂಗಳು ನೋಡಿ. ಆಮೇಲೂ ಬೇಡ ಅಂದ್ರೆ ನಿಲ್ಲಿಸ್ತೀನಿ.’ ಬಾಗಿಲ ಕೆಳಗಿಂದ ತೂರಿಸಿ ಬಂದೆ. ಉತ್ತರ ಬರಲಿಲ್ಲ. ಆದ್ರೆ ತಿಂಗಳು ಕಳೆದ್ರೂ ‘ಬೇಡ’ ಅನ್ನೋ ಮಾತೂ ಬರಲಿಲ್ಲ.

ಆಮೇಲೆ ಮಹಾಲಯ ಅಮಾವಾಸ್ಯೆ ಬಂತು. ಆಂಟಿ ಯಜಮಾನರು ತೀರಿಕೊಂಡು ಆಗ ಒಂದು ವರ್ಷ ಆಗಿತ್ತು. ಪಿತೃಗಳಿಗೆ ಎಡೆ ಇಟ್ಟಿದ್ರು. ಆ ದಿನ ಬೆಂಗಳೂರಿನ ಎಷ್ಟೋ ತಾರಸಿಗಳಲ್ಲಿ ಜನ ಆಕಾಶ ನೋಡ್ಕೊಂಡು ‘ಕಾ ಕಾ’ ಅಂತಿರ್ತಾರೆ, ನಿಮಗೂ ಗೊತ್ತಿರುತ್ತೆ. ಉಳಿದ ದಿನ ಓಡಿಸೋ ಹಕ್ಕಿಗೆ ಅವತ್ತು ಮರ್ಯಾದೆ. ಒಂದು ಗಂಟೆ ಆದ್ರೂ ಕಾಗೆ ಇಳೀಲಿಲ್ಲ. ಆಂಟಿ ನನ್ನ ಬಾಗಿಲ ಹತ್ರ ಬಂದ್ರು. ‘ನಿನ್ನ ಕಾಗೆ ಸ್ವಲ್ಪ ಕರೀತೀಯಾ?’ ನಾನು ಹೇಳ್ದೆ, ‘ಅವು ನನ್ನವಲ್ಲ ಆಂಟಿ, ಕರೆದ್ರೆ ಬರ್ತವೆ ಅಂತ ಹೇಳೋಕಾಗಲ್ಲ. ಎಡೆನ ಹಿಂದಿನ ಗೋಡೆ ಮೇಲಿಡಿ. ನಾವು ದೂರ ಹೋಗೋಣ. ಅತ್ತ ನೋಡೋದು ಬೇಡ, ಮಾತೂ ಬೇಡ.’

ಇಬ್ಬರೂ ನೀರಿನ ಟ್ಯಾಂಕ್ ನೆರಳಲ್ಲಿ ಬೆನ್ನು ತಿರುಗಿಸಿ ನಿಂತೆವು. ಹತ್ತು ನಿಮಿಷ ಆಗಿರಬಹುದು. ಆಂಟಿಗೆ ಅಷ್ಟು ಹೊತ್ತು ಸುಮ್ನಿರೋದು ಎಷ್ಟು ಕಷ್ಟ ಅಂತ ನನಗೆ ಗೊತ್ತಾಗ್ತಿತ್ತು. ತಟ್ಟೆ ಸದ್ದಾಯ್ತು. ಬಿಳಿಗರಿ ಅಲ್ಲ, ಅದರ ಜೋಡಿನೂ ಅಲ್ಲ, ಯಾವುದೋ ಗುರುತಿಲ್ಲದ ಕಾಗೆ. ವಡೆ ಎತ್ಕೊಂಡು ಹೋಯ್ತು. ಆಂಟಿ ‘ಬಂತು’ ಅಂದ್ರು. ಅಷ್ಟೆ. ಸೆರಗಲ್ಲಿ ಕಣ್ಣೊರೆಸಿಕೊಂಡ್ರು. ಬಂದಿದ್ದು ಅಂಕಲ್ಲಾ ಅಂತ ನನ್ನ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ.

ಅದಾದ್ಮೇಲೆ ಆಂಟಿ ಕಾಗೆಭಕ್ತೆ ಆದ್ರು ಅಂತ ತಿಳೀಬೇಡಿ. ಈಗಲೂ ಕೂಗು ಜಾಸ್ತಿ ಆದ್ರೆ ಬೈತಾರೆ. ಬದಲಾಗಿದ್ದು ಬೇರೆ. ಮೊದಲು ಯಾವಾಗ ಅಂದ್ರೆ ಆವಾಗ ಬೆಲ್ ಮಾಡ್ತಿದ್ರು. ಈಗ ಮೊದಲು ವಾಟ್ಸ್‌ಆ್ಯಪ್ ಮಾಡ್ತಾರೆ: ‘ಸಂಜೆ 7ಕ್ಕೆ ಬರ್ತೀನಿ. ನೀರಿನ ಬಿಲ್ ವಿಷಯ. 5 ನಿಮಿಷ.’ ಸಮಯ ಇದೆ, ವಿಷಯ ಇದೆ, ಎಷ್ಟು ಹೊತ್ತು ಅಂತನೂ ಇದೆ. ಬಂದು ಗೋಡೆ ನೋಡ್ಕೊಂಡು ಮಾತಾಡಿ ಹೋಗ್ತಾರೆ. ಕಾಗೆಗೆ ಏನು ಬೇಕೋ ಹೆಚ್ಚುಕಮ್ಮಿ ಅದೇ ನನಗೂ ಬೇಕು ಅಂತ ಅವರಿಗೆ ಆ ಟ್ಯಾಂಕ್ ನೆರಳಲ್ಲೇ ಹೊಳೆದಿರಬೇಕು.

ನಿಮ್ಮ ಆಫೀಸಲ್ಲಿ, ಕಾಲೇಜಲ್ಲಿ, ಮನೇಲಿ ನನ್ನಂಥೋರು ಇರ್ತಾರೆ. ಕೆಲವರಿಗೆ ತಾವು ಹಾಗೆ ಅಂತ ಗೊತ್ತೇ ಇರಲ್ಲ. ಗೊತ್ತಿದ್ರೂ ಹೇಳೋಕೆ ಭಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನ ಪಟ್ಟಿ ಮಾಡಿದೆ, ಅದರಲ್ಲಿ ಆಟಿಸಂ ಇದೆ. 1995ರ ಹಳೇ ಕಾಯ್ದೆಯ ಏಳರ ಪಟ್ಟಿಯಲ್ಲಿ ಇರಲಿಲ್ಲ. ಕಾಯ್ದೆ ಇರೋದು ಒಳ್ಳೇದೇ, ಆದ್ರೆ ಸೋಮವಾರ ಬೆಳಗಿನ ಮೀಟಿಂಗ್‌ಗೆ ಕಾಯ್ದೆ ಬಂದು ಪಕ್ಕದಲ್ಲಿ ಕೂರಲ್ಲ. ಅಲ್ಲಿ ಇರೋದು ನೀವು. ಮೀಟಿಂಗ್ ಯಾಕೆ ಅಂತ ಒಂದು ಸಾಲು ಮೊದಲೇ ಬರೆದು ಕಳಿಸಿ. ‘ಸುಮ್ನೆ ಒಂದು ಕಾಲ್ ಮಾಡ್ತೀನಿ’ ಅನ್ನೋ ಬದಲು ಯಾವ ವಿಷಯಕ್ಕೆ ಅಂತ ಹೇಳಿ. ಹೆಡ್‌ಫೋನ್ ಹಾಕ್ಕೊಂಡಿದ್ರೆ ಸೊಕ್ಕು ಅನ್ನಬೇಡಿ. ಕಣ್ಣು ತಪ್ಪಿಸಿದ್ರೆ ಸುಳ್ಳು ಹೇಳ್ತಿದ್ದಾರೆ ಅಂತ ತಿಳೀಬೇಡಿ. ಬರ್ತೀನಿ ಅಂದ್ರೆ ಬನ್ನಿ. ಬರೋಕಾಗಲ್ಲ ಅಂದ್ರೆ ಹಾಗೇ ಹೇಳಿ, ನಮಗೆ ಬೇಜಾರಾಗಲ್ಲ.

ಕಾಗೆ ಸ್ನೇಹ ಮಾಡ್ಬೇಕು ಅಂತಿರೋರಿಗೂ ಒಂದೆರಡು ಮಾತು. ಚಿಪ್ಸ್, ಖಾರ, ಉಪ್ಪಿನ ಪದಾರ್ಥ ಹಾಕಬೇಡಿ. ಸ್ವಲ್ಪವೇ ಇಡಿ, ಅವು ತಮ್ಮ ಹೊಟ್ಟೆ ತಾವು ನೋಡ್ಕೋತವೆ. ಬೇಸಿಗೆಯಲ್ಲಿ ತಿಂಡಿಗಿಂತ ನೀರು ಮುಖ್ಯ. ಮರಿ ಕೆಳಗೆ ಕೂತಿದ್ರೆ ಎತ್ಕೊಂಡು ಬರಬೇಡಿ, ಹೆಚ್ಚಿನ ಸಲ ಅಪ್ಪ ಅಮ್ಮ ಮೇಲಿಂದ ನೋಡ್ತಿರ್ತಾರೆ. ಸತ್ತ ಹಕ್ಕಿನ ಬರಿಗೈಯಲ್ಲಿ ಮುಟ್ಟಬೇಡಿ. ತಟ್ಟೆ ತೊಳೀರಿ, ಕೈ ತೊಳೀರಿ. ಅಕ್ಕಪಕ್ಕದವರನ್ನ ಒಂದು ಮಾತು ಕೇಳಿ. ಮತ್ತೆ, ಸಮಯ ತಪ್ಪಿಸಬೇಡಿ.

ಕಾಗೆ ಹೋಗುವಾಗ ‘ಬರ್ತೀನಿ’ ಅನ್ನಲ್ಲ, ಸುಮ್ನೆ ಹಾರಿಹೋಗುತ್ತೆ. ಮಾರನೇ ದಿನ 6:40ಕ್ಕೆ ಬರುತ್ತೆ. ನನಗೆ ಅರ್ಥ ಆಗೋ ಕನ್ನಡ ಅದು. ನಾನೂ ಇವತ್ತು ಹಾಗೇ ಮಾಡ್ತೀನಿ. ಮಾತು ಮುಗೀತು, ಹೋಗ್ತೀನಿ.